ಈ ತಿಂಗಳ ಪಾಠ: ವಿದೇಶಕ್ಕೆ ಹೋಗುವಾಗ ಮೊಬೈಲ್ ಸೇವೆ ಆರಿಸಿಕೊಳ್ಳುವುದು ಹೇಗೆ?



ಪಾಠದ ಹೆಸರು ನೋಡಿ ಕೆಲವರಿಗೆ ನಗು ಬರಬಹುದು. "ಮೈಸೂರಿಗೆ ಹೋಗಿ ಬರೋದೇ ನಮ್ಗೆ ಕಷ್ಟ, ಇನ್ನು ಫಾರಿನ್ನಾ ಸಿಸ್ಟರ್?" ಎಂದು ಪಾಂಡವಪುರ ತಾಲ್ಲೂಕಿನ ಒಂದು ಸಂಘದಲ್ಲಿ ಒಬ್ಬ ತಾಯಿ ಕೇಳಿಯೇಬಿಟ್ಟರು. ಆಗ ನಾವು, "ನಿಮ್ಮ ಮನೆಯಿಂದ ಅಥವಾ ನೆಂಟರ ಮನೆಯಿಂದ ಹೊರದೇಶಕ್ಕೆ ಹೋದವರು ಇದ್ದರೆ ಕೈ ಎತ್ತಿ" ಎಂದೆವು. ಒಂದೊಂದಾಗಿ ಐದು ಕೈ ಮೇಲೆ ಬಂದವು. ಒಬ್ಬರ ಮಗ ಸೌದಿಯಲ್ಲಿ ಡ್ರೈವರ್, ಇನ್ನೊಬ್ಬರ ಮಗಳು ನರ್ಸ್, ಮತ್ತೊಬ್ಬರು ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಡುವವರು. ನಕ್ಕ ತಾಯಿಯ ಕೈಯೂ ಆ ಐದರಲ್ಲಿ ಇತ್ತು!

ನಾಗಮಂಗಲ, ಕೆ.ಆರ್. ಪೇಟೆ ಕಡೆಯವರು ಹೊಟ್ಟೆಪಾಡಿಗೆ ಮುಂಬೈಗೆ ಹೋಗುವುದು ಹಳೆಯ ಮಾತು. 2020ರ ಲಾಕ್‌ಡೌನ್‌ನಲ್ಲಿ ಅವರು ಅಲ್ಲಿಂದ ವಾಪಸ್ ಬಂದು ಕ್ವಾರಂಟೈನ್‌ನಲ್ಲಿದ್ದಾಗ, ಮನೆಯವರಿಗೂ ಅವರಿಗೂ ಫೋನ್ ಒಂದೇ ಆಸರೆಯಾಗಿತ್ತು ಎಂಬುದು ನಮಗೆಲ್ಲ ನೆನಪಿದೆ. ಈಗ ಮುಂಬೈ ಜೊತೆಗೆ ದುಬೈ, ಕುವೈತ್, ಲಂಡನ್ ಕೂಡ ಸೇರಿಕೊಂಡಿವೆ. ಕೆಲಸಕ್ಕೆ ಹೋಗುವವರು, ಬಾಣಂತನಕ್ಕೆ ಹೋಗುವವರು, ಹಜ್ ಅಥವಾ ಪುಣ್ಯಭೂಮಿ ಯಾತ್ರೆಗೆ ಹೋಗುವವರು ನಮ್ಮ ನಾಲ್ಕು ತಾಲ್ಲೂಕುಗಳಲ್ಲೂ ಇದ್ದಾರೆ. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಎಲ್ಲದಕ್ಕೂ ಓಡಾಡುತ್ತೇವೆ. ಫೋನಿನ ವಿಷಯ ಮಾತ್ರ "ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯ್ತು" ಎಂದು ಬಿಡುತ್ತೇವೆ. ಹಾಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರೇ ನಡೆದ ಒಂದು ಘಟನೆ ಹೇಳುತ್ತೇವೆ.

ಹತ್ತೊಂಬತ್ತು ದಿನ ಸುದ್ದಿ ಇಲ್ಲ

ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮ ಸಂಘವೊಂದರ ಸದಸ್ಯೆ ಕೆಲವು ವರ್ಷಗಳ ಹಿಂದೆ ಮನೆಕೆಲಸಕ್ಕೆಂದು ಕುವೈತ್‌ಗೆ ಹೋದರು. ಗಂಡ ತೀರಿಕೊಂಡಿದ್ದರು. ಸಂಘದ ಸಾಲ, ಕೈಸಾಲ ಎರಡೂ ತಲೆಯ ಮೇಲಿತ್ತು. "ಆ ಮನೇಲಿ ವೈಫೈ ಐತೆ, ಫೋನು ಪುಕ್ಕಟೆ, ಬೇರೆ ಸಿಮ್ ಯಾಕೆ?" ಎಂದು ಕರೆದುಕೊಂಡು ಹೋದವರು ಹೇಳಿದರು. ಈಕೆ ನಂಬಿದರು. ಮೂರು ತಿಂಗಳು ದಿನಾ ರಾತ್ರಿ ತಾಯಿ ಮಕ್ಕಳ ಹತ್ತಿರ ವಾಟ್ಸಾಪ್‌ನಲ್ಲಿ ಮಾತಾಡಿದರು.

ಆಮೇಲೆ ಮನೆಯೊಡತಿ ವೈಫೈ ಪಾಸ್‌ವರ್ಡ್ ಬದಲಾಯಿಸಿದಳು. ಅಲ್ಲಿಯ ಸಿಮ್ ಇರಲಿಲ್ಲ, ಊರಿನ ಸಿಮ್‌ಗೆ ರೀಚಾರ್ಜ್ ಇರಲಿಲ್ಲ. ಹತ್ತೊಂಬತ್ತು ದಿನ ಸುದ್ದಿಯೇ ಇಲ್ಲ. ತಾಯಿ ದಿನ ಬಿಟ್ಟು ದಿನ ನಮ್ಮ ಕಚೇರಿಗೆ ಬಂದು, "ಸಿಸ್ಟರ್, ಮಗಳು ಬದುಕವ್ಳೋ ಇಲ್ವೋ, ಅಷ್ಟು ತಿಳಿಸಿ ಸಾಕು" ಎಂದು ಅಳುತ್ತಿದ್ದರು. ಇಪ್ಪತ್ತನೇ ದಿನ ಸಂಘದ ಪ್ರತಿನಿಧಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಪಕ್ಕದ ಮನೆಯ ಡ್ರೈವರ್ ಹತ್ತಿರ ಫೋನ್ ಬೇಡಿ ಈಕೆಯೇ ಮಾತಾಡಿದ್ದರು. ಮಕ್ಕಳ ನಂಬರ್ ಫೋನಿನಲ್ಲಿ ಇತ್ತೇ ಹೊರತು ಬಾಯಲ್ಲಿ ಇರಲಿಲ್ಲ. ಬಾಯಿಪಾಠ ಇದ್ದದ್ದು ಪ್ರತಿನಿಧಿಯ ನಂಬರ್ ಒಂದೇ. ಸಭೆಗೆ ಬರಲಾಗದ ದಿನ ಸಂಘಕ್ಕೆ ತಿಳಿಸಬೇಕೆಂದು ವರ್ಷಗಟ್ಟಲೆ ಒತ್ತಿ ಒತ್ತಿ ಕಲಿತಿದ್ದ ನಂಬರ್ ಅದು.

ಎರಡು ವರ್ಷದ ಮೇಲೆ ಊರಿಗೆ ಬಂದಾಗ ಇನ್ನೊಂದು ತೊಂದರೆ ಕಾದಿತ್ತು. ರೀಚಾರ್ಜ್ ಮಾಡದೆ ಬಿಟ್ಟಿದ್ದ ಊರಿನ ನಂಬರ್ ಬೇರೆ ಯಾರ ಪಾಲೋ ಆಗಿತ್ತು. ಬ್ಯಾಂಕ್ ಖಾತೆಗೂ ಆಧಾರ್‌ಗೂ ಅದೇ ನಂಬರ್ ಕೊಟ್ಟಿದ್ದರು. ಅದನ್ನು ಸರಿಪಡಿಸಲು ಒಂದು ವಾರದ ಕೂಲಿ ಹೋಯಿತು. ಪುಕ್ಕಟೆ ಎಂದುಕೊಂಡ ಫೋನು ಎಲ್ಲಕ್ಕಿಂತ ದುಬಾರಿಯಾಯಿತು.

ಆದ್ದರಿಂದ ಸಹೋದರಿಯರೇ, ಕಡಿಮೆ ರೂಪಾಯಿಯ ಸೇವೆಯೆಲ್ಲ ಅಗ್ಗದ ಸೇವೆಯಲ್ಲ. ಬೇಕಾದ ಹೊತ್ತಿಗೆ ಮನೆಯವರಿಗೆ ಸಿಗುವಂತಿರಬೇಕು, ಊರಿನ ನಂಬರ್ ಉಳಿಯಬೇಕು, ಖರ್ಚು ಕೈಗೆಟುಕಬೇಕು. ಈ ಮೂರೂ ಇದ್ದರೆ ಅದು ಅಗ್ಗ.

1. ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ

- ಎಷ್ಟು ದಿನಕ್ಕೆ ಹೋಗುತ್ತಿದ್ದೇವೆ? ಹತ್ತು ದಿನವೋ, ಆರು ತಿಂಗಳೋ, ಎರಡು ವರ್ಷವೋ?
- ಯಾವ ದೇಶಕ್ಕೆ? ದಾರಿಯಲ್ಲಿ ಬೇರೆ ದೇಶದಲ್ಲಿ ವಿಮಾನ ಬದಲಾಯಿಸಬೇಕೆ?
- ಫೋನ್ ಯಾತಕ್ಕೆ ಬೇಕು? ಬರೀ ಮಾತಿಗೋ, ವಿಡಿಯೋ ಕರೆಗೋ, ಬ್ಯಾಂಕ್ ಒಟಿಪಿಗೋ?
- ನಮ್ಮ ಹತ್ತಿರ ಇರುವ ಸೆಟ್ ಅಲ್ಲಿ ಕೆಲಸ ಮಾಡುತ್ತದೆಯೇ?

ಕೊನೆಯ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಸೇವೆ ನಿಲ್ಲಿಸಿದವು. ಆದ್ದರಿಂದ ಹಳೆಯ ಕೀಪ್ಯಾಡ್ ಸೆಟ್ ತೆಗೆದುಕೊಂಡು ಹೋದರೆ ಅಲ್ಲಿ ಸಿಗ್ನಲ್ ಸಿಗದೇ ಹೋಗಬಹುದು. ಜಿಯೋ ಫೋನ್‌ನಂತಹ ಸೆಟ್‌ಗಳಿಗೆ ಬೇರೆ ಕಂಪನಿಯ ಸಿಮ್ ಹಾಕಿದರೆ ನಡೆಯುವುದಿಲ್ಲ. ಅಂಗಡಿಯವರ ಹತ್ತಿರ "ಇದಕ್ಕೆ ಹೊರದೇಶದ ಸಿಮ್ ಹಾಕಬಹುದಾ? ಎರಡು ಸಿಮ್ ಹಿಡಿಯುತ್ತಾ?" ಎಂದು ಕೇಳಿ ತಿಳಿದುಕೊಳ್ಳಿ. ಎರಡು ಸಿಮ್‌ನ 4ಜಿ ಸೆಟ್ ಇದ್ದರೆ ಅರ್ಧ ಸಮಸ್ಯೆ ಮುಗಿದ ಹಾಗೆ.

2. ಮೂರು ದಾರಿಗಳು

*ಮೊದಲನೆಯದು ರೋಮಿಂಗ್.* ನಮ್ಮ ಊರಿನ ಸಿಮ್ಮೇ ಹೊರದೇಶದಲ್ಲಿ ಕೆಲಸ ಮಾಡುವುದಕ್ಕೆ ರೋಮಿಂಗ್ ಎನ್ನುತ್ತಾರೆ. ನಂಬರ್ ಬದಲಾಗುವುದಿಲ್ಲ, ಎಲ್ಲರೂ ಅದೇ ನಂಬರಿಗೆ ಮಾಡಬಹುದು. ಆದರೆ ಒಂದು ವಿಷಯ ಚೆನ್ನಾಗಿ ತಿಳಿದಿರಲಿ. ಭಾರತದಲ್ಲಿ 2003ರಿಂದ ಬರುವ ಕರೆಗೆ ದುಡ್ಡಿಲ್ಲ. ಹೊರದೇಶದಲ್ಲಿ ರೋಮಿಂಗ್‌ನಲ್ಲಿದ್ದಾಗ ಬರುವ ಕರೆಗೂ ದುಡ್ಡು ಬೀಳುತ್ತದೆ. ಪ್ಯಾಕ್ ಹಾಕಿಸದೆ ಹೋದರೆ ಒಂದೊಂದು ನಿಮಿಷವೂ ಭಾರ. ಊರಲ್ಲಿ ಅನ್‌ಲಿಮಿಟೆಡ್ ಪ್ಯಾಕ್ ಇದೆ ಎಂದು ಧೈರ್ಯ ಮಾಡಬೇಡಿ, ಅದು ದೇಶದ ಒಳಗೆ ಮಾತ್ರ. ನಮ್ಮ ಕಂಪನಿಗಳು ದಿನದ ಲೆಕ್ಕದಲ್ಲಿ, ಹತ್ತು ದಿನ, ತಿಂಗಳ ಲೆಕ್ಕದಲ್ಲಿ ರೋಮಿಂಗ್ ಪ್ಯಾಕ್ ಕೊಡುತ್ತವೆ.

*ಎರಡನೆಯದು ಅಲ್ಲಿಯ ಸಿಮ್.* ಹೋದ ದೇಶದಲ್ಲೇ ಸಿಮ್ ಕೊಳ್ಳುವುದು. ಸೌದಿಯಲ್ಲಿ ಎಸ್‌ಟಿಸಿ, ಮೊಬೈಲಿ, ಝೈನ್ ಇವೆ. ದುಬೈ ಕಡೆ ಎತಿಸಲಾತ್ ಮತ್ತು ಡು. ಪಾಸ್‌ಪೋರ್ಟ್ ಅಥವಾ ಅಲ್ಲಿಯ ಗುರುತಿನ ಚೀಟಿ ಕೇಳುತ್ತಾರೆ. ಸೌದಿಯಲ್ಲಿ ಬೆರಳಚ್ಚನ್ನೂ ತೆಗೆದುಕೊಳ್ಳುತ್ತಾರೆ. ಹೆಚ್ಚು ದಿನ ಇರುವವರಿಗೆ ಇದೇ ಅಗ್ಗ.

*ಮೂರನೆಯದು ವೈಫೈ.* ಮಗಳ ಮನೆಯಲ್ಲಿ, ಹೋಟೆಲಿನಲ್ಲಿ ವೈಫೈ ಇದ್ದರೆ ವಾಟ್ಸಾಪ್ ಮಾತು ಪುಕ್ಕಟೆ. ಇದನ್ನು ಬಳಸಿ, ಆದರೆ ಇದನ್ನೇ ನಂಬಿಕೊಂಡು ಹೋಗಬೇಡಿ. ರಸ್ತೆಗೆ ಬಂದರೆ ಅದು ಇಲ್ಲ. ಪಾಸ್‌ವರ್ಡ್ ಬೇರೆಯವರ ಕೈಯಲ್ಲಿರುತ್ತದೆ.

ಈಗ ಇ-ಸಿಮ್ ಎಂಬುದೂ ಬಂದಿದೆ. ಸಿಮ್ ಕಾರ್ಡ್ ಇಲ್ಲದೆ ಫೋನಿನೊಳಗೇ ಸೇವೆ ಹಾಕಿಕೊಡುತ್ತಾರೆ. ಎಲ್ಲ ಸೆಟ್‌ಗೂ ಇದು ಬರುವುದಿಲ್ಲ. ಪ್ರಯಾಣಿಕರಿಗೆ ಮಾರುವ ಇ-ಸಿಮ್‌ಗಳಲ್ಲಿ ಹೆಚ್ಚಿನವು ಇಂಟರ್‌ನೆಟ್‌ಗೆ ಮಾತ್ರ. ಓದಿದ ಮಕ್ಕಳ ಸಹಾಯವಿದ್ದರೆ ವಿಚಾರಿಸಿ ನೋಡಿ.

3. ಲೆಕ್ಕ ಹಾಕೋಣ

ಸಂಘದ ಸಾಲದ ಬಡ್ಡಿ ಲೆಕ್ಕ ಹಾಕುವ ನಮಗೆ ಇದು ಕಷ್ಟವಲ್ಲ. ಕೆಳಗಿನ ಬೆಲೆಗಳು ಲೆಕ್ಕ ಕಲಿಯುವುದಕ್ಕೆ ಮಾತ್ರ. ಹೊರಡುವ ಮುಂಚೆ ಆವತ್ತಿನ ಬೆಲೆ ವಿಚಾರಿಸಿ, ಇದೇ ರೀತಿ ಹಾಕಿಕೊಳ್ಳಿ.

12 ದಿನದ ಯಾತ್ರೆ, ದಿನಕ್ಕೆ 10 ನಿಮಿಷ ಮಾತು:

- ಪ್ಯಾಕ್ ಇಲ್ಲದ ರೋಮಿಂಗ್, ನಿಮಿಷಕ್ಕೆ 60 ರೂ. ಎಂದುಕೊಳ್ಳಿ. ದಿನಕ್ಕೆ 600 ರೂ., 12 ದಿನಕ್ಕೆ 7,200 ರೂ.
- 10 ದಿನದ ರೋಮಿಂಗ್ ಪ್ಯಾಕ್ 1,500 ರೂ. ಎಂದುಕೊಳ್ಳಿ. 12 ದಿನಕ್ಕೆ ಎರಡು ಪ್ಯಾಕ್, 3,000 ರೂ. ಕೊನೆಯ ಎರಡು ದಿನ ಹೋಟೆಲ್ ವೈಫೈನಲ್ಲೇ ಮಾತಾಡಿದರೆ 1,500 ರೂ.
- ಅಲ್ಲಿಯ ಸಿಮ್ 1,200 ರೂ. ಎಂದುಕೊಳ್ಳಿ. 12 ದಿನಕ್ಕೂ ಅಷ್ಟೇ.

ಇಲ್ಲಿ ಪ್ಯಾಕ್‌ಗೂ ಅಲ್ಲಿಯ ಸಿಮ್‌ಗೂ ಹೆಚ್ಚು ವ್ಯತ್ಯಾಸವಿಲ್ಲ. ಅಲ್ಲಿಯ ಭಾಷೆ ಬಾರದ ಹಿರಿಯರಿಗೆ 300 ರೂಪಾಯಿ ಹೆಚ್ಚಾದರೂ ಪ್ಯಾಕ್ ನೆಮ್ಮದಿ.

2 ವರ್ಷದ ಕೆಲಸ:

- ರೋಮಿಂಗ್ ಪ್ಯಾಕ್ ತಿಂಗಳಿಗೆ ಮೂರು, ಅಂದರೆ 4,500 ರೂ. 24 ತಿಂಗಳಿಗೆ 1,08,000 ರೂ.
- ಅಲ್ಲಿಯ ಸಿಮ್ ತಿಂಗಳಿಗೆ 600 ರೂ. ಎಂದರೆ 14,400 ರೂ. ಊರಿನ ನಂಬರ್ ಉಳಿಸಲು ವರ್ಷಕ್ಕೆ 2,000 ರೂ. ಎಂದರೆ 4,000 ರೂ. ಒಟ್ಟು 18,400 ರೂ.

ವ್ಯತ್ಯಾಸ 89,600 ರೂಪಾಯಿ. ಒಂದು ಒಳ್ಳೆಯ ಕರೆಯುವ ಹಸು ಕೊಳ್ಳುವಷ್ಟು ದುಡ್ಡು!

ಪ್ಯಾಕ್ ಹಾಕಿಸುವ ಮುಂಚೆ ಈ ಐದು ಮಾತು ಕೇಳಿ: ನಾವು ಹೋಗುವ ದೇಶ ಪಟ್ಟಿಯಲ್ಲಿದೆಯೇ? ಬರುವ ಕರೆಯೂ ಅದೇ ನಿಮಿಷದಲ್ಲಿ ಕಳೆಯುತ್ತದೆಯೇ? ದಿನದ ಲೆಕ್ಕ ಇಂದಿನಿಂದಲೋ, ಅಲ್ಲಿ ಇಳಿದಾಗಿನಿಂದಲೋ? ಪ್ಯಾಕ್ ಮುಗಿದ ಮೇಲೆ ಸೇವೆ ನಿಲ್ಲುತ್ತದೆಯೋ, ದುಬಾರಿ ದರ ಶುರುವಾಗುತ್ತದೆಯೋ? ದಾರಿಯಲ್ಲಿ ವಿಮಾನ ಬದಲಾಯಿಸುವ ದೇಶಕ್ಕೂ ಇದು ನಡೆಯುತ್ತದೆಯೇ?

4. ಯಾರಿಗೆ ಯಾವುದು?

*ಕೆಲಸಕ್ಕೆ ಹೋಗುವವರಿಗೆ:* ಮೊದಲ ಕೆಲವು ದಿನಕ್ಕೆ ಸಣ್ಣ ರೋಮಿಂಗ್ ಪ್ಯಾಕ್. ಗುರುತಿನ ಚೀಟಿ ಕೈಗೆ ಬಂದ ಕೂಡಲೇ ನಿಮ್ಮದೇ ಹೆಸರಿನಲ್ಲಿ ಅಲ್ಲಿಯ ಸಿಮ್. ಮಾಲೀಕರ ಹೆಸರಿನ ಸಿಮ್ ಆದರೆ ಅವರು ಬೇಕೆಂದಾಗ ನಿಲ್ಲಿಸಬಹುದು.

*ಬಾಣಂತನಕ್ಕೆ ಹೋಗುವ ತಾಯಂದಿರಿಗೆ:* ಮನೆಯೊಳಗೆ ವೈಫೈ. ಹೊರಗೆ ಓಡಾಡುವುದಕ್ಕೆ ಮಗಳು ಅಳಿಯನ ಹತ್ತಿರ ಹೇಳಿ ಅಲ್ಲಿಯ ಒಂದು ಕಡಿಮೆ ಬೆಲೆಯ ಸಿಮ್ ಹಾಕಿಸಿಕೊಳ್ಳಿ. "ನಾನು ಮನೇಲೇ ಇರ್ತೀನಿ, ನಂಗ್ಯಾಕೆ?" ಎನ್ನಬೇಡಿ. ಮಗಳು ಆಸ್ಪತ್ರೆಯಲ್ಲಿ, ನೀವು ದೊಡ್ಡ ಮೊಮ್ಮಗುವಿನ ಜೊತೆ ಮನೆಯಲ್ಲಿ ಇರುವ ದಿನ ಬರುತ್ತದೆ. ಆವತ್ತು ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ.

*ಯಾತ್ರೆಗೆ ಹೋಗುವವರಿಗೆ:* ಪ್ರತಿಯೊಬ್ಬರೂ ಪ್ಯಾಕ್ ಹಾಕಿಸಬೇಕಾಗಿಲ್ಲ. ಒಂದೇ ಮನೆಯವರು ನಾಲ್ಕು ಜನ ಹೊರಟರೆ ಇಬ್ಬರ ಫೋನಿಗೆ ಹಾಕಿಸಿದರೆ ಸಾಕು. ಆದರೆ ಜನಜಂಗುಳಿಯಲ್ಲಿ ದಾರಿ ತಪ್ಪಿದರೆ ಬೇಕಾಗುತ್ತದೆಂದು ಉಳಿದವರ ಜೇಬಿನಲ್ಲಿ ಆ ಎರಡು ನಂಬರ್ ಬರೆದ ಚೀಟಿ ಇರಲಿ.

5. ಊರಿನ ನಂಬರ್ ಉಳಿಸಿಕೊಳ್ಳಿ

ಆಧಾರ್, ಬ್ಯಾಂಕ್, ಸಂಘದ ಸಾಲ, ಗ್ಯಾಸ್ ಬುಕಿಂಗ್, ವಾಟ್ಸಾಪ್ ಎಲ್ಲವೂ ಈ ನಂಬರಿಗೆ ಕಟ್ಟಿಕೊಂಡಿವೆ. ಟ್ರಾಯ್ ಸಂಸ್ಥೆಯ 2013ರ ನಿಯಮದ ಪ್ರಕಾರ, 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ನಂಬರನ್ನು ಕಂಪನಿ ಮುಚ್ಚಬಹುದು. ಮುಚ್ಚಿದ ನಂಬರನ್ನು 90 ದಿನದ ಮೇಲೆ ಬೇರೆಯವರಿಗೆ ಕೊಡುತ್ತಾರೆ. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಈ ವಿಷಯ ಬಂದಾಗ, ನಂಬರ್ ಬಿಡುವ ಮುಂಚೆ ಅದರಲ್ಲಿದ್ದ ವಾಟ್ಸಾಪ್ ಅಳಿಸಿಕೊಳ್ಳುವುದು ಗ್ರಾಹಕರದೇ ಜವಾಬ್ದಾರಿ ಎಂದು ಕೋರ್ಟ್ ಹೇಳಿತು.

ಒಳ್ಳೆಯ ಸುದ್ದಿಯೂ ಇದೆ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ತಿದ್ದಿತು. ಡೇಟಾ ಬೇಡದವರಿಗೆ ಬರೀ ಮಾತು ಮತ್ತು ಎಸ್ಸೆಮ್ಮೆಸ್‌ನ ಪ್ಯಾಕ್ ಇಡಬೇಕು, ವಿಶೇಷ ಪ್ಯಾಕ್‌ಗಳ ಅವಧಿ 365 ದಿನದವರೆಗೂ ಇರಬಹುದು ಎಂದು ಹೇಳಿತು. ಅಂಗಡಿಯವರು ಡೇಟಾ ಇರುವ ದೊಡ್ಡ ಪ್ಯಾಕನ್ನೇ ಮುಂದಿಡಬಹುದು. ನೀವೇ ಬಾಯಿಬಿಟ್ಟು, "ಡೇಟಾ ಬೇಡ, ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ, ಹೆಚ್ಚು ದಿನದ್ದು ಕೊಡಿ" ಎಂದು ಕೇಳಿ.

ಒಟಿಪಿ ಹೊರದೇಶದಲ್ಲೂ ಬರಬೇಕೆಂದರೆ ಹೊರಡುವ ಮುಂಚೆ ಕಂಪನಿಗೆ ಹೇಳಿ ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಬೇಕು. ಬರುವ ಎಸ್ಸೆಮ್ಮೆಸ್‌ಗೆ ದುಡ್ಡಿದೆಯೇ ಎಂದೂ ಕೇಳಿಕೊಳ್ಳಿ.

"ಸಿಮ್ ಮನೇಲೇ ಬಿಟ್ಟು ಹೋಗ್ಲಾ ಸಿಸ್ಟರ್?" ಎಂದು ಬಹಳ ಜನ ಕೇಳುತ್ತಾರೆ. ಒಟಿಪಿ ಯಾರ ಕೈಯಲ್ಲಿದೆಯೋ ಖಾತೆಯ ಬೀಗದ ಕೈ ಅವರ ಕೈಯಲ್ಲಿ. ನೀವು ಬೆವರು ಸುರಿಸಿ ಕಳಿಸಿದ ದುಡ್ಡು ನಿಮಗೆ ತಿಳಿಯದೆ ಖಾಲಿಯಾಗಬಾರದು. ಸಿಮ್ ನಿಮ್ಮ ಜೊತೆಗೇ ಇರಲಿ. ರೀಚಾರ್ಜ್ ಮಾತ್ರ ಊರಿನಿಂದ ಮಗನೋ ಮಗಳೋ ಮಾಡಿಸಲಿ. ಯಾವ ತಾರೀಖಿಗೆ ಎಂದು ಕ್ಯಾಲೆಂಡರ್ ಮೇಲೆ ಗುರುತು ಹಾಕಿಟ್ಟು ಹೋಗಿ.

6. ಆಯಾ ದೇಶದ ನಿಯಮ ತಿಳಿದಿರಲಿ

ದುಬೈ, ಅಬುಧಾಬಿ ಇರುವ ಯುಎಇ ದೇಶದಲ್ಲಿ ವಾಟ್ಸಾಪ್‌ನಲ್ಲಿ ಬರೆದು ಕಳಿಸಬಹುದು, ಧ್ವನಿ ಮುದ್ರಿಸಿ ಕಳಿಸಬಹುದು. ಆದರೆ ವಾಟ್ಸಾಪ್ ಕರೆಗೆ ತಡೆ ಇದೆ. ಅಲ್ಲಿ ಬೋಟಿಮ್‌ನಂತಹ ಒಪ್ಪಿಗೆ ಪಡೆದ ಆ್ಯಪ್‌ಗಳಲ್ಲಿ ಮಾತಾಡುತ್ತಾರೆ. ಅದನ್ನು ಇಲ್ಲೇ, ಮನೆಯವರ ಫೋನಿಗೂ ಹಾಕಿಸಿ, ಒಂದು ಸಲ ಮಾತಾಡಿ ನೋಡಿ ಹೋಗಿ. ಕಳ್ಳದಾರಿಯಲ್ಲಿ ಕರೆ ಮಾಡಿಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ, ಅಲ್ಲಿ ಅದಕ್ಕೆ ಭಾರಿ ದಂಡವಿದೆ.

ಹೊತ್ತಿನ ಲೆಕ್ಕವೂ ಗೊತ್ತಿರಲಿ. ಸೌದಿ, ಕುವೈತ್, ಕತಾರ್, ಬಹರೈನ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಯುಎಇ, ಒಮಾನ್ ಒಂದೂವರೆ ಗಂಟೆ ಹಿಂದೆ. ನಮ್ಮಲ್ಲಿ ರಾತ್ರಿ ಹತ್ತಾದಾಗ ಕುವೈತ್‌ನಲ್ಲಿ ಏಳೂವರೆ. ಆಗ ಅಲ್ಲಿ ಅಡುಗೆ ಕೆಲಸದ ಸಮಯ. ಮಗಳು ಫೋನ್ ಎತ್ತಲಿಲ್ಲ ಎಂದು ಗಾಬರಿಯಾಗುವ ಮುಂಚೆ ಇದನ್ನು ನೆನೆಸಿಕೊಳ್ಳಿ.

7. ದುಡ್ಡು ಸೋರುವ ಜಾಗಗಳು

- ಡೇಟಾ ರೋಮಿಂಗ್: ಶ್ರೀರಂಗಪಟ್ಟಣದ ಒಬ್ಬ ತಾಯಿ ಪೋಸ್ಟ್‌ಪೇಯ್ಡ್ ಫೋನ್ ಹಾಗೆಯೇ ತೆಗೆದುಕೊಂಡು ಹೋದರು. ವಾಟ್ಸಾಪ್‌ನ ಫೋಟೋ, ವಿಡಿಯೋ ತಾವಾಗಿಯೇ ಇಳಿದು, ಮಗನ ಮನೆಗೆ ಬಿಲ್ ಸಾವಿರಗಟ್ಟಲೆ ಬಂತು. ಪ್ಯಾಕ್ ಇಲ್ಲದಿದ್ದರೆ ವಿಮಾನ ಹತ್ತುವ ಮುಂಚೆಯೇ ಡೇಟಾ ರೋಮಿಂಗ್ ಬಂದ್ ಮಾಡಿ.
- ವಿಮಾನದಲ್ಲಿ: ಕೆಲವು ವಿಮಾನಗಳಲ್ಲಿ ಅವರದೇ ಮೊಬೈಲ್ ಸೇವೆ ಇರುತ್ತದೆ, ಬಹಳ ದುಬಾರಿ. ಹತ್ತಿದ ಕೂಡಲೇ ಫ್ಲೈಟ್ ಮೋಡ್ ಹಾಕಿ, ಇಳಿದ ಮೇಲೆ ತೆಗೆಯಿರಿ.
- ಊರಿನಿಂದ ಹೊರದೇಶಕ್ಕೆ: ಇಲ್ಲಿಂದ ನೇರವಾಗಿ ಅಲ್ಲಿಯ ನಂಬರಿಗೆ ಮಾಡಿದರೆ ಐಎಸ್‌ಡಿ ದರ ಬೀಳುತ್ತದೆ. ಇಂಟರ್‌ನೆಟ್ ಕರೆಯನ್ನೇ ಬಳಸಿ.
- ಗೊತ್ತಿಲ್ಲದ ಮಿಸ್ಡ್ ಕಾಲ್: +91 ಬಿಟ್ಟು ಬೇರೆ ಅಂಕಿಯಿಂದ ಶುರುವಾಗುವ ಅಪರಿಚಿತ ನಂಬರಿಗೆ ತಿರುಗಿ ಮಾಡಬೇಡಿ. ನಮ್ಮವರಿರುವ ದೇಶದ ಅಂಕಿ ತಿಳಿದಿರಲಿ: ಕುವೈತ್ 965, ಸೌದಿ 966, ಯುಎಇ 971, ಕತಾರ್ 974, ಅಮೆರಿಕ 1.
- ಸುಳ್ಳು ಕರೆ: "ನಿಮ್ಮ ಮಗ ಅಲ್ಲಿ ಜೈಲಲ್ಲಿದ್ದಾನೆ, ದುಡ್ಡು ಹಾಕಿ" ಎಂದರೆ ಮೊದಲು ಮಗನಿಗೇ ಫೋನ್ ಮಾಡಿ. ದುಡ್ಡು ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ತಿಳಿಸಿ.

8. ಫೋನ್ ಕೈಯಲ್ಲಿ ಇಲ್ಲದ ದಿನಕ್ಕೆ

ಫೋನ್ ಕಳೆಯಬಹುದು, ಒಡೆಯಬಹುದು, ಯಾರಾದರೂ ಕಿತ್ತುಕೊಳ್ಳಬಹುದು. ಆ ದಿನಕ್ಕೆ ಇಂದೇ ತಯಾರಾಗಿ.

- ಎರಡು ನಂಬರ್ ಬಾಯಿಪಾಠ ಮಾಡಿ, ಮುಂದೆ +91 ಸೇರಿಸಿ ಹೇಳಿ ಅಭ್ಯಾಸ ಮಾಡಿ.
- ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ನಂಬರನ್ನು ಕಾಗದದಲ್ಲಿ ಬರೆದು ಬಟ್ಟೆಯ ಜೊತೆ ಇಡಿ. ಯುಎಇಯಲ್ಲಿ ಭಾರತೀಯರ ಸಹಾಯವಾಣಿ 800 46342. ಊರಲ್ಲಿರುವ ಮನೆಯವರು ವಿದೇಶಾಂಗ ಇಲಾಖೆಯ 1800 11 3090ಕ್ಕೆ ಕೇಳಬಹುದು.
- ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರುಪತ್ರದ ಫೋಟೋ ತೆಗೆದು ಮನೆಯವರಿಗೆ ಕಳಿಸಿ ಹೋಗಿ. ಕುವೈತ್‌ನ 2015ರ ಮನೆಕೆಲಸದವರ ಕಾನೂನಿನ ಪ್ರಕಾರ ಮಾಲೀಕರು ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ಆದರೂ ಪ್ರತಿ ಮನೆಯಲ್ಲಿರಲಿ.
- ವಾರದಲ್ಲಿ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಆ ಹೊತ್ತಿಗೆ ಎರಡು ವಾರ ಸುದ್ದಿ ಬರದಿದ್ದರೆ ಯಾರಿಗೆ ತಿಳಿಸಬೇಕೆಂದು ಮನೆಯಲ್ಲಿ ಮೊದಲೇ ತೀರ್ಮಾನವಾಗಿರಲಿ.

ಮೇಲೆ ಹೇಳಿದ ಕೆ.ಆರ್. ಪೇಟೆಯ ಸದಸ್ಯೆ ಈಗ ಊರಲ್ಲೇ ಇದ್ದಾರೆ, ಸಾಲ ತೀರಿಸಿದ್ದಾರೆ. ಕಳೆದ ವರ್ಷ ಅವರ ತಂಗಿ ಮಗಳು ದುಬೈಗೆ ಹೊರಟಾಗ ಇವರೇ ಅಂಗಡಿಗೆ ಕರೆದುಕೊಂಡು ಹೋಗಿ ಎಲ್ಲ ಮಾಡಿಸಿದರು. ಬಸ್ ಹತ್ತುವ ಮುಂಚೆ, "ಎಲ್ಲಿ, ನಿಮ್ಮವ್ವನ ನಂಬರ್ ನೋಡ್ದೆ ಹೇಳು ಮಗಾ" ಎಂದು ಮೂರು ಸಲ ಹೇಳಿಸಿ ಕಳಿಸಿದರಂತೆ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಎಷ್ಟು ಮನೆಗಳಿಂದ ಹೊರದೇಶಕ್ಕೆ ಹೋಗಿದ್ದಾರೆ? ಅವರ ಅಲ್ಲಿಯ ನಂಬರ್ ಮನೆಯವರ ಹತ್ತಿರ ಬರಹದಲ್ಲಿ ಇದೆಯೇ?
2. ಫೋನ್ ನೋಡದೆ ಎರಡು ನಂಬರ್ ಹೇಳಲು ನಮ್ಮಲ್ಲಿ ಎಷ್ಟು ಜನರಿಗೆ ಬರುತ್ತದೆ? ಈಗಲೇ ಒಬ್ಬೊಬ್ಬರಾಗಿ ಹೇಳಿ ನೋಡೋಣ.
3. ನಿಮ್ಮ ಸಿಮ್ ಯಾರ ಹೆಸರಿನಲ್ಲಿದೆ? ನಿಮ್ಮ ಬ್ಯಾಂಕ್ ಒಟಿಪಿ ಯಾರ ಫೋನಿಗೆ ಬರುತ್ತದೆ?

ಚಟುವಟಿಕೆ: ಇಬ್ಬರು ಸದಸ್ಯೆಯರು ಎರಡು ಬೇರೆ ಕಂಪನಿಯ ಅಂಗಡಿಗೆ ಹೋಗಿ, ಒಂದು ದೇಶಕ್ಕೆ 10 ದಿನದ ಪ್ಯಾಕ್ ಎಷ್ಟು, ಡೇಟಾ ಇಲ್ಲದ ಉದ್ದ ಅವಧಿಯ ರೀಚಾರ್ಜ್ ಎಷ್ಟು ಎಂದು ಕೇಳಿಕೊಂಡು ಬರಲಿ. ಮುಂದಿನ ಸಭೆಯಲ್ಲಿ ಎಲ್ಲರೂ ಕೂಡಿ ಲೆಕ್ಕ ಹಾಕಿ, ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಸಂಘದಿಂದ ಯಾರೇ ಹೊರದೇಶಕ್ಕೆ ಹೊರಟರೂ ಆ ಪುಟ ತೆಗೆದು ತೋರಿಸಿ.